ಒಗೆದು ಬಂದ ಪಾಸ್‌ಪೋರ್ಟ್

ಪಾಸ್‌ಪೋರ್ಟ್ ಸಿಕ್ಕಿದ್ದು ಬಟ್ಟೆ ಒಗೆಯುವ ಮೆಷಿನ್ನಿನಲ್ಲಿ.

ಒದ್ದೆ ಬಟ್ಟೆಗಳನ್ನು ಬಕೆಟ್ಟಿಗೆ ಎಳೆದು ಹಾಕುತ್ತಿದ್ದ ಅತ್ತೆಯ ಕೈಗೆ ನೀಲಿ ಪ್ಯಾಂಟಿನ ಜೇಬಿನಲ್ಲಿ ಏನೋ ಗಟ್ಟಿಯಾಗಿ ತಗುಲಿತು. ಹೊರಗೆ ತೆಗೆದರು. ರಟ್ಟು ಉಬ್ಬಿತ್ತು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಫೋಟೊದ ಮುಖ ಯಾರದೆಂದು ಗುರುತೇ ಸಿಗುತ್ತಿರಲಿಲ್ಲ. ವೀಸಾ ಇದ್ದ ಹಾಳೆ ಬೆರಳು ತಾಕಿದರೆ ಕಿತ್ತು ಬರುತ್ತಿತ್ತು.

"ಬಾಮ್ಮ ಇಲ್ಲಿ," ಎಂದು ಕರೆದ ಅವರ ಧ್ವನಿಯಲ್ಲೇ ಏನೋ ಎಡವಟ್ಟಾಗಿದೆ ಎಂದು ಸೊಸೆಗೆ ತಿಳಿಯಿತು.

ಆಫೀಸಿನವರು ಸೊಸೆಗೆ ಇಟ್ಟ ಅಡ್ಡಹೆಸರು ಡೌಟಮ್ಮ. ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡುವುದು ಅವಳ ಕೆಲಸ. ತಾನಾಗಿಯೇ ಕೆರೆಗೆ ಇಳಿದ ಕಾರು, ತಾನಾಗಿಯೇ ಹೊತ್ತಿಕೊಂಡ ಗೋಡೌನು, ಮಾಲೀಕ ಊರಲ್ಲಿಲ್ಲದಾಗಲೇ ಒಡೆಯುವ ಪೈಪು. ಇವನ್ನೆಲ್ಲ ನೋಡಿ ನೋಡಿ 'ತಾನಾಗಿಯೇ' ಎಂಬ ಮಾತು ಕಿವಿಗೆ ಬಿದ್ದರೆ ಅವಳ ಮೈ ಉರಿಯುತ್ತಿತ್ತು. ಆ ಉರಿಯನ್ನು ಮೆಚ್ಚಿಯೇ ಹೊರದೇಶದ ಕಂಪನಿಯೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಸಂದರ್ಶನದಲ್ಲಿಯೇ ಅವಳು ತಾನು ಬಸುರಿ, ಹೆರಿಗೆ ಅಲ್ಲೇ ಆಗುತ್ತದೆ, ಒಪ್ಪಿಗೆಯಿದ್ದರೆ ಮುಂದಿನ ಮಾತು ಎಂದು ಖಡಾಖಂಡಿತವಾಗಿ ಹೇಳಿದ್ದಳು. ಅವರು ಒಪ್ಪಿದ್ದರು.

ಭಾನುವಾರ ವಿಮಾನ. ಗಂಡನೂ ಅವಳ ವೀಸಾದ ಆಸರೆಯಲ್ಲಿ ಜೊತೆಗೆ ಹೊರಡುವವನಿದ್ದ. ಅವಳಿಗೆ ಏಳನೆಯ ತಿಂಗಳು. ಇನ್ನು ಕೆಲವು ವಾರ ಕಳೆದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಆಮೇಲೆ ಹೆರಿಗೆ, ಬಾಣಂತನ, ಕೈಗೂಸು. ಅಷ್ಟು ದಿನ ಆ ಕೆಲಸ ಇವಳ ದಾರಿ ಕಾಯುತ್ತಾ ಕೂರುವುದಿಲ್ಲ.

ಗಂಡ ಓಡಿ ಬರುವಷ್ಟರಲ್ಲಿ ಅತ್ತೆ ಬಕೆಟ್ಟು ಎತ್ತಿಕೊಂಡು ಬಾಲ್ಕನಿಗೆ ಹೋಗಿದ್ದರು. ಪಾಸ್‌ಪೋರ್ಟ್ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡ.

"ನಿನ್ನೆ ಆಫೀಸಿಗೆ ಹಾಕ್ಕೊಂಡು ಹೋಗಿದ್ಯಲ್ಲ, ಅದೇ ನೀಲಿ ಪ್ಯಾಂಟು. ಜೇಬಲ್ಲಿಟ್ಟು ಮರ್ತಿದೀಯ."

"ನಾನು ನಿನ್ನೆ ಪಾಸ್‌ಪೋರ್ಟ್ ಮುಟ್ಟೇ ಇಲ್ಲ."

"ಮೊನ್ನೆ ಗ್ಯಾಸ್ ಆರಿಸೋದು ಮರ್ತೆ. ಅದಕ್ಕೆ ಮುಂಚೆ ಬೀಗದ ಕೈನ ಫ್ರಿಜ್ಜಲ್ಲಿ ಇಟ್ಟಿದ್ದೆ. ಬಸುರೀಲಿ ಹಂಗಾಗುತ್ತೆ ಅಂತ ಡಾಕ್ಟರೇ ಹೇಳಿದಾರೆ. ನಿನ್ನ ತಪ್ಪಲ್ಲ ಬಿಡು."

ಹಾಗೆಂದು ಅವಳ ಬೆನ್ನು ಸವರಿದ. ನಿನ್ನೆ ಅವಳು ಹಾಕಿದ್ದು ನೀಲಿ ಪ್ಯಾಂಟೇ. ಗ್ಯಾಸ್ ಮರೆತದ್ದೂ ನಿಜ. ಒಂದು ಕ್ಷಣ ಅವಳಿಗೆ ತನ್ನ ತಲೆಯ ಬಗ್ಗೆ ತನಗೇ ಭಯವಾಯಿತು. ಇಷ್ಟು ವರ್ಷ ಊರವರ ಸುಳ್ಳನ್ನೆಲ್ಲ ಹಿಡಿದ ತಲೆ, ಈಗ ಕೈ ಕೊಟ್ಟಿತೇ?

ಅವಳು ಅಳಲಿಲ್ಲ. ನೇರವಾಗಿ ಕೋಣೆಗೆ ಹೋಗಿ ಡ್ರಾಯರ್ ಎಳೆದಳು.

* * *

ಜಿಪ್ಪಿನ ಪ್ಲಾಸ್ಟಿಕ್ ಚೀಲ ಅಲ್ಲೇ ಇತ್ತು. ಕೆಲಸದ ಕರಾರು, ಪ್ರಯಾಣ ಮಾಡಬಹುದೆಂದು ಡಾಕ್ಟರು ಕೊಟ್ಟ ಪತ್ರ, ಎಲ್ಲ ಒಳಗೇ ಬೆಚ್ಚಗಿದ್ದವು. ಪಾಸ್‌ಪೋರ್ಟ್ ಒಂದೇ ಇರಲಿಲ್ಲ.

ಡೌಟಮ್ಮ ಮಂಚದ ಮೇಲೆ ಕೂತಳು. ವೀಸಾ ಬಂದಾಗಿನಿಂದ ಅವಳು ಪಾಸ್‌ಪೋರ್ಟನ್ನು ಎಲ್ಲಿಗೆ ಒಯ್ದರೂ ಚೀಲದ ಸಮೇತ ಒಯ್ದಿದ್ದಳು. ಮರೆತಿದ್ದರೂ ಚೀಲದ ಸಮೇತವೇ ಮರೆಯಬೇಕಿತ್ತು. ಆ ಚೀಲದೊಳಗೆ ಇದ್ದಿದ್ದರೆ ಮೆಷಿನ್ನಿನ ನೀರು ಪಾಸ್‌ಪೋರ್ಟಿಗೆ ತಾಕುತ್ತಲೂ ಇರಲಿಲ್ಲ. ಯಾರೋ ಅದನ್ನು ಹೊರಗೆ ತೆಗೆದು, ಜಿಪ್ಪು ಎಳೆದು, ಚೀಲವನ್ನು ಮತ್ತೆ ಇದ್ದಲ್ಲೇ ಇಟ್ಟಿದ್ದಾರೆ.

ಮರೆವಿಗೆ ಜಿಪ್ಪು ಎಳೆಯುವಷ್ಟು ಶಿಸ್ತು ಎಲ್ಲಿಂದ ಬರಬೇಕು?

ಅವಳಿಗೆ ಮೊದಲು ಆದದ್ದು ಸಮಾಧಾನ. ತಲೆ ಸರಿಯಾಗಿದೆ. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು. ನಿನ್ನೆ ಸಂಜೆಯಿಂದ ಈ ಕೋಣೆಗೆ ಕಾಲಿಟ್ಟವರು ಮೂವರೇ. ಅತ್ತೆ, ಗಂಡ, ಮತ್ತು ಬಟ್ಟೆ ಜೋಡಿಸಿಕೊಡಲು ಬಂದಿದ್ದ ಅವಳ ಸ್ವಂತ ಅಕ್ಕ. ಮೂವರೂ ಅವಳ ಹೊಟ್ಟೆ ಮುಟ್ಟಿ ಮಾತಾಡಿಸಿದವರು.

* * *

ಅತ್ತೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದರು.

"ಅತ್ತೆ, ಜೇಬು ನೋಡದೇ ಮೆಷಿನ್ನಿಗೆ ಹಾಕಿದ್ರಾ?"

"ನನ್ನ ಮಗನ ಜೇಬು ನೋಡ್ತೀನಿ. ಚಿಲ್ಲರೆ, ಬಸ್ ಟಿಕೇಟು, ಏನಾದ್ರೂ ಇದ್ದೇ ಇರುತ್ತೆ. ನಿನ್ನ ಬಟ್ಟೇಲಿ ಯಾವತ್ತೂ ಏನೂ ಇರಲ್ಲ. ನೋಡೋ ಅಭ್ಯಾಸ ಇಲ್ಲ."

"ನಾನು ಹೋಗೋದು ನಿಮಗಿಷ್ಟ ಇಲ್ಲ."

"ಇಲ್ಲ." ಅತ್ತೆ ಟವೆಲಿಗೆ ಕ್ಲಿಪ್ಪು ಚುಚ್ಚಿದರು. "ಹೊಟ್ಟೇಲಿ ಮಗು ಇಟ್ಕೊಂಡು ಗುರುತು ಪರಿಚಯ ಇಲ್ಲದ ಕಡೆ ಹೋಗ್ಬೇಡ ಅಂತ ಮೊದಲ ದಿನವೇ ಹೇಳಿದೀನಿ. ನಿನ್ನ ಮುಂದೆ ಹೇಳಿದೀನಿ, ನಿಮ್ಮಮ್ಮನ ಮುಂದೆ ಹೇಳಿದೀನಿ, ಪಕ್ಕದ ಮನೆಯವರನ್ನ ನಿಲ್ಲಿಸ್ಕೊಂಡು ಹೇಳಿದೀನಿ. ಇಷ್ಟು ದೊಡ್ಡ ಬಾಯಿ ಇರೋಳು ಕದ್ದುಮುಚ್ಚಿ ಯಾಕೆ ಮಾಡ್ಲಿ?"

ಆ ಮಾತು ಡೌಟಮ್ಮನಿಗೆ ಸರಿಯೆನಿಸಿತು. ಆದರೂ ಎಲ್ಲರಿಗಿಂತ ಜೋರಾಗಿ ಬಾಯಿ ಬಡಿದುಕೊಂಡ ಅಂಗಡಿಯವನೇ ತನ್ನ ಅಂಗಡಿಗೆ ಬೆಂಕಿ ಇಟ್ಟಿದ್ದನ್ನೂ ಅವಳು ನೋಡಿದ್ದಳು. ಅತ್ತೆಯನ್ನು ಲೆಕ್ಕದಿಂದ ಬಿಡಲಿಲ್ಲ.

* * *

ಅಕ್ಕನದು ಕನ್ನಡಕದ ಅಂಗಡಿ. ಡೌಟಮ್ಮ ಹೋದಾಗ ಅವಳು ಗಿರಾಕಿಯೊಬ್ಬರ ಮೂಗಿನ ಮೇಲೆ ಫ್ರೇಮು ಕೂರಿಸುತ್ತಿದ್ದಳು. ಅಕ್ಕನಿಗೂ ಒಮ್ಮೆ ಹೊರದೇಶದ ಹುಚ್ಚು ಹಿಡಿದಿತ್ತು. ಅರ್ಜಿ ಹಾಕಿದಾಗಲೆಲ್ಲ ವೀಸಾ ತಿರಸ್ಕೃತವಾಗಿತ್ತು. ತಂಗಿಗೆ ಮೊದಲ ಸಲಕ್ಕೇ ಸಿಕ್ಕಾಗ ಅಕ್ಕ ನಕ್ಕಿದ್ದಳು ನಿಜ, ಆದರೆ ಆ ನಗು ಕಣ್ಣಿನವರೆಗೂ ಹತ್ತಿರಲಿಲ್ಲ.

ಗಿರಾಕಿ ಹೋದ ಮೇಲೆ ಡೌಟಮ್ಮ ಎಲ್ಲವನ್ನೂ ಹೇಳಿದಳು.

"ಅನುಮಾನ ನನ್ನ ಮೇಲಾ?" ಅಕ್ಕ ಕೇಳಿದಳು.

"ಎಲ್ಲರ ಮೇಲೂ."

"ಹೊಟ್ಟೆಕಿಚ್ಚು ಇದೆ ಕಣೇ. ಇಲ್ಲ ಅನ್ನಲ್ಲ. ನಿನಗೆ ವೀಸಾ ಬಂದ ದಿನ ಅಂಗಡಿ ಹಿಂದೆ ನಿಂತು ಅತ್ತಿದೀನಿ. ಹಂಗಂತ ನಿನ್ನ ಅನ್ನಕ್ಕೆ ಕಲ್ಲು ಹಾಕ್ತೀನಾ?" ಅಕ್ಕ ಗಾಜು ಒರೆಸುವ ಬಟ್ಟೆಯನ್ನು ಮೇಜಿನ ಮೇಲೆ ಎಸೆದಳು. "ಅದಿರಲಿ, ನಿನ್ನೆ ನೀನು ಹಾಕ್ಕೊಂಡಿದ್ದು ನಾನು ಕೊಟ್ಟ ನೀಲಿ ಪ್ಯಾಂಟಲ್ವಾ? ಹೊಟ್ಟೆಗೆ ಅಗಲ ಪಟ್ಟಿ ಇರೋದು?"

"ಹೂಂ."

"ಅದರ ಜೇಬಲ್ಲಿ ಪಾಸ್‌ಪೋರ್ಟ್ ಸಿಕ್ತು ಅಂತೀಯಲ್ಲ. ಯಾವ ಜೇಬು? ಅದಕ್ಕೆ ಜೇಬೇ ಇಲ್ವಲ್ಲೇ. ನಾನು ಬಸುರಿಯಾಗಿದ್ದಾಗ ಅಂಗಡಿ ಬೀಗದ ಕೈ ಇಟ್ಕೊಳ್ಳೋಕೆ ಜಾಗ ಇಲ್ಲ ಅಂತ ಅದನ್ನ ಹೊಲಿದವರಿಗೆ ದಿನಾ ಬೈತಿದ್ದೆ."

ಡೌಟಮ್ಮ ಎದ್ದು ನಿಂತಳು. ಬೇರೆಯವರ ಕಾರಿನ ಗೀರನ್ನು ಭೂತಗನ್ನಡಿ ಹಿಡಿದು ನೋಡುವವಳು, ತನ್ನ ಮನೆಯ ಪ್ಯಾಂಟನ್ನು ಬಿಡಿಸಿ ನೋಡಿರಲಿಲ್ಲ. ಪಾಸ್‌ಪೋರ್ಟ್ ಕಂಡ ಗಾಬರಿಯಲ್ಲಿ, ಗಂಡ ಹೇಳಿದ್ದನ್ನೇ ಸರಿ ಎಂದುಕೊಂಡಿದ್ದಳು. ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

"ಸಂಜೆ ಅಂಗಡಿ ಬೇಗ ಮುಚ್ಚಿ ಮನೆಗೆ ಬಾ," ಎಂದಳು.

"ಅಪರಾಧಿಯಾಗಿಯಾ, ಸಾಕ್ಷಿಯಾಗಿಯಾ?"

"ಸಾಕ್ಷಿಯಾಗಿ."

* * *

ಬಚ್ಚಲುಮನೆಯ ಬಾಗಿಲ ಹಿಂದಿನ ಮೊಳೆಗೆ ಅಕ್ಕನ ಪ್ಯಾಂಟು ನೇತಾಡುತ್ತಿತ್ತು. ನಿನ್ನೆ ಬಿಚ್ಚಿದ್ದು ಹಾಗೇ ಇತ್ತು. ನೀರು ಸೋಕಿರಲಿಲ್ಲ.

ಬಾಲ್ಕನಿಯ ಹಗ್ಗದ ಮೇಲೆ ಇನ್ನೊಂದು ನೀಲಿ ಪ್ಯಾಂಟು ಒಣಗುತ್ತಿತ್ತು. ಬಣ್ಣ ಹೆಚ್ಚುಕಡಿಮೆ ಒಂದೇ. ಇದಕ್ಕೆ ಮುಂದೆರಡು, ಹಿಂದೆರಡು ಜೇಬು. ಸೊಂಟಕ್ಕೆ ಗುಂಡಿ. ಇದು ಅವಳ ಹಳೆಯ ಪ್ಯಾಂಟು. ಹೊಟ್ಟೆ ಕಾಣಿಸಿಕೊಂಡ ಮೇಲೆ ಅವಳು ಅದನ್ನು ತೊಟ್ಟೇ ಇರಲಿಲ್ಲ.

ಆಮೇಲೆ ಅವಳು ಹೊರದೇಶಕ್ಕೆ ಫೋನು ಮಾಡಿದಳು. ಮುಂದೆ ಅವಳ ಮೇಲಧಿಕಾರಿ ಆಗಬೇಕಾಗಿದ್ದ ಹೆಂಗಸಿಗೆ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಹೊಸ ಪಾಸ್‌ಪೋರ್ಟ್ ಬಂದರೆ ವೀಸಾ ಮತ್ತೆ ಹಾಕಿಸುತ್ತೇವೆ, ವಿಮಾನ ಹತ್ತಲು ಬಿಡುವ ಕೊನೆಯ ವಾರದವರೆಗೂ ಜಾಗ ಹಿಡಿದಿಡುತ್ತೇನೆ, ಅದಕ್ಕಿಂತ ಮುಂದೆ ನನ್ನ ಕೈಯಲ್ಲಿಲ್ಲ ಎಂದು ಆಕೆ ಹೇಳಿದಳು. ಡೌಟಮ್ಮನಿಗೆ ಅಷ್ಟು ಸಾಕಾಗಿತ್ತು. ಭಾನುವಾರದ ಟಿಕೆಟ್ಟನ್ನು ಆ ಕೊನೆಯ ವಾರಕ್ಕೆ ಮುಂದೂಡಿಸಿದಳು.

* * *

ಸಂಜೆ ನಾಲ್ವರೂ ಹಾಲಿನಲ್ಲಿ ಕೂತರು. ಡೌಟಮ್ಮ ಒಣಗಿದ ಪ್ಯಾಂಟನ್ನು ತಂದು ಗಂಡನ ತೊಡೆಯ ಮೇಲೆ ಹಾಕಿದಳು.

"ರೀ, ನಿನ್ನೆ ನಾನು ಹಾಕಿದ್ದು ಇದೇ ತಾನೆ?"

"ಬೆಳಿಗ್ಗೆಯೇ ಹೇಳಿದ್ನಲ್ಲ. ಇದೇ."

"ಎದ್ದೇಳಿ. ನನಗೆ ಇದನ್ನ ಸೊಂಟಕ್ಕೆ ಸುತ್ತಿ ಗುಂಡಿ ಹಾಕಿ."

"ಏನಿದು ಹುಡುಗಾಟ?"

"ಹಾಕಿ."

ಅವನು ಎದ್ದ. ಪ್ಯಾಂಟಿನ ಎರಡು ತುದಿಗಳನ್ನು ಅವಳ ಹೊಟ್ಟೆಯ ಮೇಲೆ ಎಳೆದ. ಗೇಣುದ್ದ ಜಾಗ ಖಾಲಿ ಉಳಿಯಿತು. ಇನ್ನೊಮ್ಮೆ ಎಳೆಯಲು ನೋಡಿ ಕೈ ಬಿಟ್ಟ. ಅಕ್ಕ ನಗು ತಡೆಯಲು ಸೆರಗು ಬಾಯಿಗೊತ್ತಿಕೊಂಡಳು.

"ಅತ್ತೆ, ನಿನ್ನೆ ನಾನು ಹಾಕಿದ್ದು ಯಾವುದು?"

"ನಿಮ್ಮಕ್ಕಂದು. ಇದನ್ನ ಹೊಟ್ಟೆ ಬಂದಾಗಲೇ ನಾನು ಮಡಿಸಿ ಸೂಟ್‌ಕೇಸಲ್ಲಿ ಇಟ್ಟಿದ್ದೆ. ಬುಟ್ಟೀಲಿ ಕಂಡಾಗ, ಅಲ್ಲಿಗೆ ತಗೊಂಡು ಹೋಗೋಕೆ ಒಗೆಯೋದಿಕ್ಕೆ ಹಾಕಿದೀಯ ಅಂದ್ಕೊಂಡೆ."

"ಆ ಸೂಟ್‌ಕೇಸನ್ನ ನಿನ್ನೆ ಅಟ್ಟದಿಂದ ಇಳಿಸಿ ಖಾಲಿ ಮಾಡಿದ್ದು ಯಾರು?"

ಎಲ್ಲರ ಕಣ್ಣೂ ಗಂಡನ ಕಡೆ ತಿರುಗಿತು.

"ಚೀಲದಿಂದ ಬೇಕಂತ ತೆಗೆದಿದಾರೆ ಅನ್ನೋದು ಬೆಳಿಗ್ಗೆಯೇ ಗೊತ್ತಾಯ್ತು," ಎಂದಳು ಡೌಟಮ್ಮ. "ನಾನೇ ಮರ್ತೆ ಅನ್ನಿಸೋಕೆ ನಾನು ನಿನ್ನೆ ಹಾಕಿದ್ದ ಬಟ್ಟೇನೇ ಆಗ್ಬೇಕಿತ್ತು. ಅಕ್ಕನಿಗೆ ತನ್ನ ಪ್ಯಾಂಟಿಗೆ ಜೇಬಿಲ್ಲ ಅಂತ ಗೊತ್ತು. ಅತ್ತೆ ಈ ಹಳೇದನ್ನ ಕೈಯಾರೆ ಎತ್ತಿಟ್ಟವರು, ಇದು ನನಗೆ ಆಗಲ್ಲ ಅಂತ ಅವರಿಗೆ ಗೊತ್ತು. ಇಬ್ಬರಲ್ಲಿ ಯಾರೇ ಆಗಿದ್ರೂ ಪ್ಯಾಂಟಿನ ತಂಟೆಗೇ ಹೋಗ್ತಿರಲಿಲ್ಲ. ಸೂಟ್‌ಕೇಸಿಂದ ತೆಗೆದು ಕುರ್ಚಿ ಮೇಲೆ ರಾಶಿ ಹಾಕಿದ್ದ ಹಳೇ ಬಟ್ಟೇಲಿ ನೀಲಿ ಕಂಡಿದ್ದೇ ಅದೇ ಇದು ಅಂದ್ಕೊಳ್ಳೋದು, ಹೆಂಡತಿ ಏನು ಉಡ್ತಾಳೆ ಅಂತ ಇಷ್ಟು ತಿಂಗಳಲ್ಲಿ ಒಂದು ದಿನವೂ ಕಣ್ಣೆತ್ತಿ ನೋಡದವರು ಮಾತ್ರ."

"ಅಮ್ಮ ಗೊತ್ತಿಲ್ದೆ ಏನಾದ್ರೂ..." ಎಂದು ಅವನು ಶುರು ಮಾಡಿದ.

"ನನ್ನ ತಲೆಗೆ ಕಟ್ಟೋಕೆ ಬರ್ತೀಯೇನೋ?" ಎಂದರು ಅತ್ತೆ. ಧ್ವನಿ ಏರಿಸಲಿಲ್ಲ. ಅವರು ಧ್ವನಿ ಏರಿಸದೆ ಮಾತಾಡಿದ್ದನ್ನು ಆ ಮನೆ ಕೇಳಿದ್ದು ಅಪರೂಪ.

ಅವನು ಕುಸಿದು ಕೂತ. ಹೊರಬಿದ್ದ ಮಾತು ತುಂಡುತುಂಡಾಗಿತ್ತು. ಅಲ್ಲಿ ಅವನಿಗೆ ಕೆಲಸ ಮಾಡಲು ಅನುಮತಿಯಿಲ್ಲ. ಮಗು ಎತ್ತಿಕೊಂಡು ಮನೆಯಲ್ಲಿರಬೇಕು. ಗೆಳೆಯರು ಆಗಲೇ ಆಡಿಕೊಂಡು ನಗುತ್ತಿದ್ದರು.

"ಸ್ವಲ್ಪ ತಡ ಆದ್ರೆ ತಾನಾಗಿಯೇ ನಿಂತುಹೋಗುತ್ತೆ ಅಂದ್ಕೊಂಡೆ," ಎಂದ.

"ಬೇಡ ಅಂತ ಹೇಳಬಹುದಿತ್ತಲ್ಲ."

"ಹೆಂಡತಿ ಬಗ್ಗೆ ಹೆಮ್ಮೆ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೀನಿ. ಈಗ ಯಾವ ಮುಖ ಇಟ್ಕೊಂಡು ಬೇಡ ಅನ್ಲಿ? ಧೈರ್ಯ ಆಗಲಿಲ್ಲ."

"ನಿಮ್ಮಮ್ಮನಿಗೆ ಆಯ್ತು."

ಡೌಟಮ್ಮ ಅಲ್ಲಿಗೇ ನಿಲ್ಲಿಸಲಿಲ್ಲ. "ಪಾಸ್‌ಪೋರ್ಟ್ ಹೋದ್ರೆ ಇನ್ನೊಂದು ಬರುತ್ತೆ. ನೀವು ನನ್ನ ತಲೇನೇ ಸರಿಯಿಲ್ಲ ಅಂತ ನನ್ನನ್ನ ನಂಬಿಸೋಕೆ ಹೊರಟ್ರಿ. ನನ್ನ ಕೆಲಸವನ್ನ ನಾನೇ ಹಾಳು ಮಾಡ್ಕೊಂಡೆ ಅಂತ ಜನ್ಮಪೂರ್ತಿ ಕೊರಗ್ತಿದ್ದೆ. ನೀವು ಪಕ್ಕದಲ್ಲಿ ಕೂತು ನಿನ್ನ ತಪ್ಪಲ್ಲ ಬಿಡು ಅಂತ ಬೆನ್ನು ಸವರ್ತಿದ್ರಿ. ಅದನ್ನ ನಾನು ಕ್ಷಮಿಸೋಕೆ ಆಗಲ್ಲ."

ಅವನು ತಲೆ ಎತ್ತಲಿಲ್ಲ. ಅತ್ತೆ ಎದ್ದು ಆ ಪ್ಯಾಂಟನ್ನು ತೆಗೆದುಕೊಂಡು ಮಡಿಸಿದರು.

"ನಾನು ಈಗಲೂ ಹೇಳ್ತೀನಿ, ಹೋಗ್ಬೇಡ," ಎಂದರು ಸೊಸೆಗೆ. "ಆದ್ರೆ ಹೋಗೋದು ಬಿಡೋದು ನೀನು ತೀರ್ಮಾನ ಮಾಡ್ಬೇಕು. ಬಟ್ಟೆ ಮೆಷಿನ್ನು ಮಾಡೋದಲ್ಲ."

"ಹೋಗ್ತೀನಿ ಅತ್ತೆ."

"ಗೊತ್ತು."

* * *

ಮರುದಿನ ಪಾಸ್‌ಪೋರ್ಟ್ ಕಚೇರಿಯ ಕೌಂಟರಿನಲ್ಲಿ ಗಂಡ ಹೆಂಡತಿ ಇಬ್ಬರೂ ನಿಂತಿದ್ದರು. ಅವನನ್ನು ಅವಳೇ ಕರೆದುಕೊಂಡು ಬಂದಿದ್ದಳು. ಹಿಂದೆ ಉದ್ದದ ಸಾಲಿತ್ತು. ಅಧಿಕಾರಿ ಉಬ್ಬಿದ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಆಮೇಲೆ ಅವಳ ಹೊಟ್ಟೆಯನ್ನು ನೋಡಿದರು.

"ಇಂಥ ಸಮಯದಲ್ಲಿ ಮರೆವು ಸಹಜ ಅಮ್ಮ. ಆಕಸ್ಮಿಕ ಅಂತ ಬರ್ಕೊಳ್ತೀನಿ."

"ಬರ್ಕೊಬೇಡಿ. ನಾನು ಮರ್ತಿಲ್ಲ. ಹೇಗಾಯ್ತು ಅಂತ ಇವರು ಹೇಳ್ತಾರೆ."

ಗಂಡ ಗೊಣಗಿದ.

"ಗಟ್ಟಿಯಾಗಿ ಹೇಳಿ. ಅವರಿಗೆ ಕೇಳಿಸಲಿಲ್ಲ."

"ನಾನೇ ಮೆಷಿನ್ನಿಗೆ ಸೇರೋ ಹಾಗೆ ಮಾಡಿದೆ," ಎಂದ ಅವನು. "ಬೇಕಂತಲೇ."

ಸಾಲಿನಲ್ಲಿ ಗುಸುಗುಸು ನಿಂತಿತು. ಅಧಿಕಾರಿ ಪೆನ್ನು ಕೆಳಗಿಟ್ಟರು. "ಹೀಗೆ ಬರೆದ್ರೆ ನಿಮ್ಮ ಮೇಲೆ ವಿಚಾರಣೆ ಆಗುತ್ತೆ. ಗೊತ್ತಿದೆಯಾ?"

ಅವನು ತಲೆಯಾಡಿಸಿದ.

"ಅದರಿಂದ ನನ್ನ ಪಾಸ್‌ಪೋರ್ಟ್ ತಡ ಆಗುತ್ತಾ?" ಡೌಟಮ್ಮ ಕೇಳಿದಳು.

ಅಧಿಕಾರಿ ಸ್ವಲ್ಪ ಯೋಚಿಸಿದರು. "ನಿಮ್ಮದು ತುರ್ತು ಅಂತ ಹಾಕ್ತೀನಿ. ಅದು ಬೇರೆ, ಇದು ಬೇರೆ."

"ಹಾಗಾದ್ರೆ ಇದ್ದದ್ದು ಇದ್ದ ಹಾಗೆ ಬರ್ಕೊಳ್ಳಿ."

ಅವರು ಬರೆದುಕೊಂಡರು. ಹಾಳೆ ತಿರುವಿ, ಟಿಕೆಟ್ಟಿನ ದಿನಾಂಕ ಕೇಳಿದರು. ಹೇಳಿದಳು.

"ಪ್ರಯಾಣ ಮಾಡೋರು ಎಷ್ಟು ಜನ?"

ಗಂಡ ಮೊದಲ ಸಲ ತಲೆಯೆತ್ತಿ ಅವಳ ಮುಖ ನೋಡಿದ.

"ನಾನೊಬ್ಬಳು," ಎಂದಳು ಡೌಟಮ್ಮ. "ಮಗೂಗೆ ಇನ್ನೂ ಪಾಸ್‌ಪೋರ್ಟ್ ಬೇಕಾಗಿಲ್ಲ."