ಗುಲಾಬಿ ತೂತಿಗೆ ಸಿಕ್ಕಿಸಿದ ಸ್ಪೀಕರ್

ಗುಂಡಿ ಒತ್ತಿದ್ದೇ ತಡ, ರಬಕವಿಯ ಆ ನೇಕಾರರ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳ ಗದ್ದಲ ಒಮ್ಮೆಲೇ ಅಡಗಿತು. ಮಗ್ಗಗಳೇನೂ ನಿಂತಿರಲಿಲ್ಲ. ಲಾಳಿ ಹಾರುತ್ತಿತ್ತು, ಸೀರೆ ಬೆಳೆಯುತ್ತಿತ್ತು. ಸದ್ದು ಮಾತ್ರ ಇಲ್ಲ. ಬೆರಗಾದ ಕಸ್ತೂರೆವ್ವ ಗಂಡನನ್ನು ಕೂಗಿದಳು. ಎರಡು ಮೊಳ ದೂರದಲ್ಲಿದ್ದ ಮುರಿಗೆಪ್ಪನಿಗೆ ಅವಳ ತುಟಿ ಅಲುಗಿದ್ದಷ್ಟೇ ಕಂಡಿತು.

ಯಂತ್ರವನ್ನು ರೂಪಿಸಿ ತಂದಿದ್ದ ವಿಜ್ಞಾನಿ ಡಾ. ಇಂದುಮತಿ ಕಂಚಿಕೇರಿ ಅದನ್ನು ಆರಿಸಿ, ಮಗ್ಗಗಳನ್ನೂ ನಿಲ್ಲಿಸಲು ಹೇಳಿ ವಿವರಿಸಿದರು. "ಇದರ ಹೆಸರು ಎದುರಲೆ ಯಂತ್ರ. ಶಬ್ದವೆಂದರೆ ಗಾಳಿಯಲ್ಲಿ ಏಳುವ ಅಲೆ. ಈ ಮೈಕು ಅದನ್ನು ಹಿಡಿದು ಕಂಪ್ಯೂಟರಿಗೆ ಕೊಡುತ್ತದೆ. ಕಂಪ್ಯೂಟರ್ ಅದಕ್ಕೆ ತದ್ವಿರುದ್ಧವಾದ ಎದುರಲೆಯನ್ನು ಲೆಕ್ಕಹಾಕಿ ಈ ಎರಡು ಸ್ಪೀಕರುಗಳಿಂದ ಹೊರಡಿಸುತ್ತದೆ. ಉಬ್ಬಿಗೆ ತಗ್ಗು ಸೇರಿ ಎಲ್ಲ ಸಮವಾಗುತ್ತದೆ."

"ಇವರ ಕಿವಿ ಉಳಿತಾವೇನ್ರೀ ಅಕ್ಕಾರ?" ಎಂದಳು ಕಸ್ತೂರೆವ್ವ. ಅವಳಿಗೆ ಬೇಕಾದದ್ದು ಅದೊಂದೇ. ಇನ್ನೆರಡು ವರ್ಷ ಹೀಗೇ ನೇಯ್ದರೆ ಮುರಿಗೆಪ್ಪ ಪೂರ್ತಿ ಕಿವುಡನಾಗುತ್ತಾನೆಂದು ವೈದ್ಯರು ಹೇಳಿದ್ದರು.

"ಖಂಡಿತ ಉಳಿಯುತ್ತವೆ."

ಆದರೆ ವಾರ ಕಳೆಯುವುದರೊಳಗೆ ಮುರಿಗೆಪ್ಪನೇ ಯಂತ್ರ ಆರಿಸಿಬಿಟ್ಟ. ಎಳೆ ಕಡಿದರೆ ಚಟ್ಟೆನ್ನುವ ಸಣ್ಣ ಸದ್ದನ್ನು ಗದ್ದಲದ ನಡುವೆಯೂ ಹೆಕ್ಕುವ ಕಿವಿ ಅವನದು. ಆ ಸದ್ದೂ ಅಡಗಿ, ಎಳೆ ಕಡಿದದ್ದು ತಿಳಿಯದೆ ಒಂದು ಸೀರೆ ಸೆರಗಿನವರೆಗೂ ಕೆಟ್ಟುಹೋಗಿತ್ತು.

"ಕಿವಿ ಹ್ವಾದ್ರ ಹೋಗ್ಲಿ. ಕಣ್ಣು ಕಟ್ಟಿಕೊಂಡು ನೇದಂಗ ಆಗೇತಿ. ಇದನ್ನ ಅವರಿಗೆ ತಿರುಗಿ ಕೊಟ್ಟುಬಿಡು."

ಕಸ್ತೂರೆವ್ವ ಎರಡು ದಿನ ಮುನಿಸಿಕೊಂಡಳು. ಕೊನೆಗೆ ಸೋತು ಇಂದುಮತಿಯವರಿಗೆ ಫೋನ್ ಮಾಡಿದಳು. ಗುರುವಾರ ಬಂದು ಒಯ್ಯುತ್ತೇನೆಂದರು ಅವರು. ಕೊಡುವ ವಸ್ತು ಸ್ವಚ್ಛವಾಗಿರಲೆಂದು ಬುಧವಾರ ಬೆಳಗ್ಗೆ ಅವಳು ವೈರುಗಳನ್ನೆಲ್ಲ ಕಿತ್ತು, ಕಂಪ್ಯೂಟರಿನ ಮೇಲಿನ ಹತ್ತಿಯ ಧೂಳು ಒರೆಸಿದಳು. ಆಗ ಕಂಡಿತು, ಮೈಕಿನ ವೈರನ್ನು ಇಲಿ ಕಡಿದು ಎರಡು ತುಂಡು ಮಾಡಿತ್ತು. ಉಳಿದದ್ದಾದರೂ ಸರಿಯಿದೆಯೇ ನೋಡೋಣವೆಂದು ಮತ್ತೆ ಜೋಡಿಸತೊಡಗಿದಳು. ಹಿಂದುಗಡೆ ಒಂದೇ ಅಳತೆಯ ಮೂರು ತೂತು: ಹಸಿರು, ನೀಲಿ, ಗುಲಾಬಿ. ಒಂದು ಸ್ಪೀಕರನ್ನು ಹಸಿರಿಗೆ ಸಿಕ್ಕಿಸಿದಳು. ಇನ್ನೊಂದು ಎಲ್ಲಿತ್ತೋ ನೆನಪಾಗದೆ, ಗುಲಾಬಿಗೆ ಒತ್ತಿದಳು. 'ಮೈಕ್ ಸಿಕ್ಕಿದೆ' ಎಂದಿತು ಪರದೆ.

ಮಗ್ಗ ಹಚ್ಚಿ ಗುಂಡಿ ಒತ್ತಿದಳು. ನೆಲ ನಡುಗಿಸುವ ಧಡಧಡ ಮಾಯವಾಯಿತು. ಆದರೆ ಲಾಳಿಯ ಸರಕ್ಕು ಉಳಿದಿತ್ತು. ಹೊರಗೆ ಯಾರೋ ಹಾಲಿನವನನ್ನು ಕರೆದದ್ದೂ ಕೇಳಿಸಿತು. ಅಷ್ಟರಲ್ಲಿ ಚಟ್! ಅಂಗಳದಲ್ಲಿದ್ದ ಮುರಿಗೆಪ್ಪ ಓಡಿಬಂದು ಮೂರನೆಯ ಮಗ್ಗ ನಿಲ್ಲಿಸಿ, ಕಡಿದ ಎಳೆಗೆ ಗಂಟು ಹಾಕಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಏನ್ ಮಾಡಿದಿ?"

"ಏನೂ ಇಲ್ರಿ. ಒರಸೀನಿ, ಅಷ್ಟ."

ಗುರುವಾರ ಬಂದ ಇಂದುಮತಿ ಕಂಪ್ಯೂಟರನ್ನು ತಿರುಗಿಸಿ ನೋಡಿದವರು ನೆಲದ ಮೇಲೆ ಕೂತೇಬಿಟ್ಟರು. "ಸ್ಪೀಕರೂ ಒಂದು ಮೈಕೇ ಕಸ್ತೂರೆವ್ವ, ಒರಟು ಮೈಕು. ಅದರೊಳಗಿನ ದಪ್ಪ ಪೊರೆ ಗುಡುಗಿನಂಥ ಶಬ್ದಕ್ಕೆ ಚೆನ್ನಾಗಿ ಅಲುಗುತ್ತದೆ. ಸೂಕ್ಷ್ಮ ಸದ್ದು ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ತಟ್ಟದ್ದನ್ನು ಯಂತ್ರ ಅಳಿಸುವುದೂ ಇಲ್ಲ. ಇನ್ನೂ ನಯವಾದ ಮೈಕು ಬೇಕೆಂದು ನಾನು ಆರು ವರ್ಷ ದುಡಿದೆ."

"ತಪ್ಪಾತೇನ್ರೀ?"

"ಇಲ್ಲಮ್ಮ. ಇನ್ನು ಎಲ್ಲ ಯಂತ್ರಗಳಿಗೂ ಹೀಗೇ ಜೋಡಿಸುತ್ತೇನೆ."

ಯಂತ್ರ ಅಲ್ಲೇ ಉಳಿಯಿತು. ಮಾರನೆಯ ದಿನ ಮುರಿಗೆಪ್ಪ ತಂಗಿಯ ಮನೆಯ ಸೀಮಂತಕ್ಕೆಂದು ಹೊಸ ಹಳದಿ ಅಂಗಿ ತೊಟ್ಟು, ಹೊರಡುವ ಮುಂಚೆ ಒಂದು ಗಳಿಗೆ ಮಗ್ಗದ ಮುಂದೆ ನಿಂತ. ಎದುರಿನ ಮಗ್ಗ ನಡೆಸುತ್ತಿದ್ದ ಕಸ್ತೂರೆವ್ವ, ಗದ್ದಲದಲ್ಲಿ ಯಾರಿಗೂ ಕೇಳದೆಂಬ ಹದಿನೆಂಟು ವರ್ಷದ ರೂಢಿಯಂತೆ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟೇ ಆಡಿಕೊಂಡಳು:

"ಥೋ, ಈ ಮನಶ್ಯಾಗ ಹಳದಿ ಒಪ್ಪೂದಿಲ್ಲಂತ ಯಾರರ ಹೇಳಬಾರದ! ನೀಲಿ ಅಂಗ್ಯಾಗ ಎಷ್ಟ ಛಂದ ಕಾಣತಾರ."

ಮುರಿಗೆಪ್ಪ ತಲೆಯೆತ್ತಿದ. ಕಸ್ತೂರೆವ್ವ ಗಕ್ಕನೆ ಬಾಯಿಗೆ ಸೆರಗು ಮುಚ್ಚಿಕೊಂಡಳು.

"ಇಷ್ಟ ವರ್ಷ ನಿನ್ನ ತುಟಿ ಅಲಗತಿದ್ವಲ್ಲ," ಎಂದ ಅವನು, "ದೇವರ ಹೆಸರು ಹೇಳಾಕತ್ತಿ ಅಂತ ತಿಳದಿದ್ದೆ."

ಅಂಗಿ ಬದಲಿಸಲು ಒಳಗೆ ಹೋದ.