ಸವೆದ ತುಟಿಗೆ ಬೆಳ್ಳಿ ಲೇಪ

"ಈ ತುಟಿ ಯಾರು ಉಜ್ಜಿದ್ದು?"

ದೇವರ ಕೋಣೆಯಿಂದ ಬೆಳ್ಳಿ ಮುಖವಾಡವನ್ನು ಎತ್ತಿಕೊಂಡು ಬಂದ ಗೌರೀಶ್ ನಡುಮನೆಯಲ್ಲಿ ನಿಂತ. ಅದು ತೀರಿಹೋದ ಅವನ ಮೊದಲ ಹೆಂಡತಿ ಯಶಸ್ವಿನಿಯ ಮುಖ. ಫೋಟೋ ಕೊಟ್ಟು ತಾಮ್ರದಲ್ಲಿ ಮಾಡಿಸಿ, ಮೇಲೆ ಬೆಳ್ಳಿ ಲೇಪ ಹಾಕಿಸಿದ್ದರು. ವರ್ಷ ವರ್ಷ ಹಿರಿಯರ ಹಬ್ಬದಲ್ಲಿ ಅದನ್ನು ಕಳಸದ ಮೇಲೆ ಕೂರಿಸಿ, ಸೀರೆ ಉಡಿಸಿ, ಎಡೆ ಇಡುತ್ತಿದ್ದರು. ಈಗ ಹಣೆ, ಮೂಗು, ಕೆನ್ನೆ ಎಲ್ಲ ಬೆಳ್ಳಗೇ ಇದ್ದವು. ತುಟಿಯ ಮೇಲಿನ ಬೆಳ್ಳಿ ಮಾತ್ರ ಪೂರ್ತಿ ಸವೆದು ತಾಮ್ರ ಕಾಣುತ್ತಿತ್ತು. ಆಗ ತಾನೇ ಎಲೆಅಡಿಕೆ ಹಾಕಿಕೊಂಡ ಬಾಯಿಯ ಹಾಗೆ ಕೆಂಪಗೆ, ಇನ್ನೇನು ಮಾತಾಡಿಬಿಡುತ್ತಾಳೆ ಅನ್ನಿಸುವ ಹಾಗೆ...

ಎರಡನೆಯ ಹೆಂಡತಿ ಮಂಜುಶ್ರೀ ಉತ್ತರ ಕೊಡುವ ಮೊದಲೇ ಅತ್ತೆ ಕರಿಬಸಮ್ಮ ಅವಳ ಕಡೆ ಕೈ ತೋರಿಸಿಬಿಟ್ಟಳು.

"ಇನ್ಯಾರಪ್ಪ ಉಜ್ತಾರೆ? ಸವತಿ ಮುಖ ಕಂಡ್ರೆ ಯಾರಿಗೆ ತಾನೇ ಕಣ್ಣುರಿ ಇರಲ್ಲ? ಹುಣ್ಸೆಹಣ್ಣು ಹಾಕಿ ತಿಕ್ಬುಟ್ಟವ್ಳೆ."

"ಇಲ್ಲ ಅತ್ತೆ, ನಾನು ಅದನ್ನ ಮುಟ್ಟೇ ಇಲ್ಲ..."

"ಮುಟ್ಟದಂಗೆ ಅದೆಂಗೆ ಸವೀತದೆ?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಮ್ಮ ಗೌರೀಶ್. ಕೊರಟಗೆರೆಯ ತನ್ನ ಪೈಪಿನ ಅಂಗಡಿಯಲ್ಲಿ ಒಂದು ನಲ್ಲಿಯನ್ನು ಹತ್ತು ಸಲ ತಿರುಗಿಸಿ ನೋಡುವವನು ತಾಯಿಯ ಮಾತನ್ನು ಒಂದು ಸಲವೂ ಪರೀಕ್ಷಿಸಲಿಲ್ಲ.

"ಹಬ್ಬಕ್ಕೆ ಶಿರಾದಿಂದ ಯಶಸ್ವಿನಿ ತಾಯಿ ಬರ್ತಾರೆ. ಅಷ್ಟರಲ್ಲಿ ಇದು ಸರಿಯಾಗ್ಬೇಕು. ಆಗ್ಲಿಲ್ಲ ಅಂದ್ರೆ ನೀನು ಪಾವಗಡಕ್ಕೆ ನಿಮ್ಮಪ್ಪನ ಮನೆಗೆ ಹೋಗ್ಬಿಡು" ಅಂದ.

ಈ ಮನೆಗೆ ಬಂದ ದಿನದಿಂದ ಮಂಜುಶ್ರೀ ಆ ಮುಖದ ಕಣ್ಣೆದುರಿಗೇ ಬದುಕಿದ್ದಳು. ದೀಪ ಹಚ್ಚುವಾಗ ಅದು ನೋಡುತ್ತಿತ್ತು, ಕಸ ಗುಡಿಸುವಾಗ ಬೆನ್ನ ಹಿಂದೆ ಇರುತ್ತಿತ್ತು. ಕೆಲವು ಮಧ್ಯಾಹ್ನ ದೇವರ ಕೋಣೆಯ ಮುಚ್ಚಿದ ಬಾಗಿಲ ಹಿಂದೆ ಪಿಸುಮಾತು ಕೇಳಿಸಿತ್ತು. ಹೆದರಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅದಕ್ಕೂ ಹೊಟ್ಟೆಕಿಚ್ಚು ಅಂತ ಹೆಸರಿಡುತ್ತಿದ್ದರು, ಬಿಡಿ.

ಮಾರನೆಯ ದಿನವೇ ಮುಖವಾಡವನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಮಧುಗಿರಿ ಬಸ್ಸು ಹತ್ತಿದಳು. ಅಲ್ಲಿ ಬೆಳ್ಳಿ ಪಾಲಿಶ್ ಮಾಡುವ ನರಸಿಂಹರಾಜು ಮುಖವನ್ನು ಬೆಳಕಿಗೆ ಹಿಡಿದು ನೋಡಿದ.

"ಹಳೇ ಬೆಳ್ಳಿ ಪೂರಾ ತೆಗ್ದು, ಮಿಷನ್‌ಗೆ ಕೊಟ್ಟು ನೈಸ್ ಮಾಡ್ಬೇಕು ಕಣಮ್ಮ. ಆಗ್ಲೇ ಹೊಸಾದು ಹಿಡಿಯೋದು. ಆದ್ರೆ ಮುಖದ ಗೆರೆ ಮಾಸ್ತವೆ."

"ಮೇಲ್ಮೇಲೆ ಹಾಕಿ ಕೊಡೋಕಾಗಲ್ವಾ ಅಣ್ಣ?"

"ಕೊಡ್ತೀನಿ. ನಾಲ್ಕು ದಿನಕ್ಕೆ ಸಿಪ್ಪೆ ಎದ್ದಂಗೆ ಎದ್ರೆ ನನ್ನ ಕೇಳ್ಬೇಡಿ."

ಗಂಡನ ಮಾತು ಕಿವಿಯಲ್ಲಿತ್ತು. "ಮಿಷನ್‌ಗೇ ಕೊಟ್ಟು ಹೊಳೆಯೋ ಹಂಗೆ ಮಾಡಿಕೊಡಿ" ಅಂದುಬಿಟ್ಟಳು.

ಹಬ್ಬದ ಹಿಂದಿನ ದಿನ ಮುಖವಾಡ ಮನೆಗೆ ಬಂತು. ಹೊಳೆಯುತ್ತಿತ್ತು, ನಿಜ. ಆದರೆ ತುಟಿ ಇದ್ದ ಕಡೆ ಒಂದು ತೆಳು ಗೆರೆ ಮಾತ್ರ ಉಳಿದಿತ್ತು. ಅದನ್ನು ಕಂಡ ಕರಿಬಸಮ್ಮ ಮುಖವಾಡವನ್ನು ಕಸಿದುಕೊಂಡು ದೇವರ ಕೋಣೆಗೆ ಒಯ್ದಳು.

ಮಧ್ಯಾಹ್ನ ಗೌರೀಶ್ ಅಂಗಡಿಗೆ ಹೋದ ಮೇಲೆ ಮತ್ತೆ ಅದೇ ಪಿಸುಮಾತು. ಈ ಸಲ ಮಂಜುಶ್ರೀ ಗಟ್ಟಿ ಮನಸ್ಸು ಮಾಡಿ ಬಾಗಿಲು ತಳ್ಳಿದಳು. ಕರಿಬಸಮ್ಮ ಮುಖವಾಡವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಪಕ್ಕದಲ್ಲಿ ನೀರಿನ ಲೋಟ. ಬೆರಳದ್ದಿ ಆ ಗೆರೆಗೆ ಹಚ್ಚುವುದು, ನೀರಿನ ಕಲೆ ಕಾಣದ ಹಾಗೆ ವಿಭೂತಿ ಹಾಕಿ ಸೆರಗಿನಿಂದ ತಿಕ್ಕುವುದು, ಮತ್ತೆ ಬೆರಳದ್ದುವುದು...

"ಕುಡಿಯವ್ವ... ಒಂದೇ ಗುಟುಕು... ಬಾಯಿ ಬುಡೇ ತಾಯಿ..."

"ಅತ್ತೆ! ತುಟಿ ಸವೆಸಿದ್ದು... ನೀವಾ?"

ಕರಿಬಸಮ್ಮ ತಲೆ ಎತ್ತಲಿಲ್ಲ. "ಬಾಣಂತಿ ಜ್ವರದಾಗೆ ನೀರು ಕೇಳಿದ್ಲು ಕಣೇ. ಬಾಣಂತಿಗೆ ನೀರು ಕುಡಿಸಿದ್ರೆ ಶೀತ ಆಯ್ತದೆ ಅಂತ ನಾನು ಕೊಡ್ಲಿಲ್ಲ. ನಮ್ಮತ್ತೆನೂ ನಂಗೆ ಕೊಟ್ಟಿರ್ಲಿಲ್ಲ, ನಾನು ಬದುಕ್ಲಿಲ್ವಾ ಅಂದೆ... ಮೂರು ದಿನ 'ಅತ್ತೆ ನೀರು, ಅತ್ತೆ ನೀರು' ಅಂದ್ಲು. ತುಟಿ ಒಡೆದು ರಕ್ತ ಬಂದಿತ್ತು. ಅಂಗೇ ಹೋಗ್ಬುಟ್ಲು, ಕೂಸೂ ಉಳೀಲಿಲ್ಲ... ಗೌರೀಶಂಗೆ ಗೊತ್ತಿಲ್ಲ. ಅವ್ನು ಕೇಳಿದಾಗ ಹೆದ್ರಿಕೆಗೆ ನಿನ್ನ ತೋರ್ಸ್‌ಬುಟ್ಟೆ."

ಮಂಜುಶ್ರೀಗೆ ಒಂದು ಕಡೆ ಸಿಟ್ಟು, ಒಂದು ಕಡೆ ಅಳು. ನಾಳೆ ಗಂಡನ ಎದುರು ಈ ಮಾತು ಹೇಳಿದರೆ ಸಾಕು, ತನ್ನ ಮೇಲಿನ ಕಳಂಕ ತೊಳೆದುಹೋಗುತ್ತದೆ. ಹೇಳಿಯೇ ತೀರುತ್ತೇನೆ ಎಂದುಕೊಂಡಳು.

ಹಬ್ಬದ ದಿನ ಶಿರಾದಿಂದ ರಾಜಲಕ್ಷ್ಮಮ್ಮ ಬಂದರು, ಯಶಸ್ವಿನಿಯ ತಾಯಿ. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕಿತ್ತು. ಆಗ ಅವರು ಕಾಲು ಮುರಿದುಕೊಂಡು ಮಲಗಿದ್ದರಿಂದ ಮಗಳನ್ನು ಕರೆಸಿಕೊಳ್ಳಲು ಆಗಿರಲಿಲ್ಲ. ಕುಂಟುತ್ತಲೇ ಒಳಗೆ ಬಂದು, ಸೀರೆ ಉಡಿಸಿದ ಕಳಸದ ಮುಂದೆ ಕೂತು, ಮುಖವಾಡದ ಗಲ್ಲ ಸವರಿದರು. ಕೈ ಅಲ್ಲೇ ನಿಂತಿತು.

"ಇದು ನನ್ ಮಗಳ ಮುಖ ಅಲ್ಲ... ಅವಳ ಬಾಯಿ ಎಲ್ಲಿ? ವರ್ಷಕ್ಕೊಂದ್ಸಲ ನೋಡೋ ಮುಖಾನೂ ಇಲ್ದಂಗೆ ಮಾಡಿದ್ರಲ್ಲಪ್ಪ! ಯಾರು ಮಾಡಿದ್ದು?"

ಗೌರೀಶ್ ಹೆಂಡತಿಯನ್ನು ನೋಡಿದ. ಗೋಡೆಗೆ ಒರಗಿದ್ದ ಕರಿಬಸಮ್ಮ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಮಂಜುಶ್ರೀಯ ನಾಲಿಗೆಯ ತುದಿಗೆ ಸತ್ಯ ಬಂದಿತ್ತು. ಆದರೆ ಕಳಸದ ಮುಂದೆ ಕೂತ ಈ ಮುದುಕಿ... ಮಗಳು ನೀರು ನೀರು ಅಂತ ಬಾಯಾರಿ ಸತ್ತಳು ಎಂದು ಈ ತಾಯಿಗೆ ಹೇಗೆ ಹೇಳುವುದು? ಕೇಳಿದ ಮೇಲೆ ಇವರ ಗಂಟಲಲ್ಲಿ ಒಂದು ತೊಟ್ಟಾದರೂ ನೀರು ಇಳಿದೀತೆ?

"ನಾನೇ ಅಮ್ಮ" ಅಂದಳು ಮಂಜುಶ್ರೀ. "ಮೊದಲು ಉಜ್ಜಿ ಕೆಡಿಸಿದ್ದೂ ನಾನೇ, ಆಮೇಲೆ ಹೀಗೆ ಮಾಡಿಸಿದ್ದೂ ನಾನೇ. ಅವರ ಮುಖ ನೋಡಿದ್ರೆ ನಂಗೆ ಆಗ್ತಿರ್ಲಿಲ್ಲ... ತಪ್ಪಾಯ್ತು."

ರಾಜಲಕ್ಷ್ಮಮ್ಮ ಸೆರಗನ್ನು ಬಾಯಿಗೊತ್ತಿ ಬಿಕ್ಕಿದರು. ಗೌರೀಶ್ ಹೆಂಡತಿಯ ಕಡೆಗೆ ಮತ್ತೆ ತಿರುಗಲೇ ಇಲ್ಲ.

ಎಡೆ ಇಟ್ಟಾದ ಮೇಲೆ ಎಲ್ಲರೂ ಊಟಕ್ಕೆ ಕೂತರು. ಪಾಯಸದ ಪಾತ್ರೆ ಹಿಡಿದು ಮಂಜುಶ್ರೀ ಗಂಡನ ಎಲೆಯ ಮುಂದೆ ಬಗ್ಗಿದಳು. ಅವನು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದ.

"ಅವ್ವ, ನೀನೇ ಬಡಿಸು. ನಾಳೆ ಬೆಳಗ್ಗೆ ಇವಳನ್ನ ಪಾವಗಡದ ಬಸ್ ಹತ್ತಿಸಿ ಬರ್ತೀನಿ."

ಕರಿಬಸಮ್ಮ ಸೊಸೆಯ ಮುಖ ನೋಡಿದಳು. ತುಟಿ ಅಲ್ಲಾಡಿತು. ಮಂಜುಶ್ರೀ ರಾಜಲಕ್ಷ್ಮಮ್ಮನ ಕಡೆ ಕಣ್ಣು ಹಾಯಿಸಿ, ಬೇಡವೆಂದು ಸಣ್ಣಗೆ ತಲೆ ಆಡಿಸಿ, ಪಾತ್ರೆಯನ್ನು ಅತ್ತೆಯ ಕೈಗೆ ಕೊಟ್ಟಳು. ಕರಿಬಸಮ್ಮ ಅದನ್ನು ತೆಗೆದುಕೊಂಡು ಮಗನಿಗೆ ಬಡಿಸಿದಳು.