ನಿಂತ ಕಾರಿನ ಅಂಕಿ

“ಸೆನ್ಸರ್ ಹಾಕೋ ಮುಂಚೆ ಸೈಲೆನ್ಸರ್ ಪೈಪ್ ನೋಡಿದ್ಯಾ, ಇಲ್ವಾ?”

“ನೋಡಿದೆ ಅಂದ್ನಲ್ಲಣ್ಣ. ಎಷ್ಟು ಸಲ ಬೊಗಳ್ಲಿ?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಳ್ತೀಯಲ್ಲೋ.”

ನಾನು ಹೇಳಿದ್ದು ಸುಳ್ಳು. ನಮ್ಮೂರ ಶಾಲೆಯ ಮೇಷ್ಟರು ತಮ್ಮ ಹಳೇ ಕಾರು ರಿಪೇರಿಗೆ ತಂದಾಗ, ಹೊಗೆಯಲ್ಲಿ ಗಾಳಿ ಎಷ್ಟಿದೆ ಎಂದು ಅಳೆಯುವ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದುಕೊಂಡು ಹೊಸದು ಹಾಕಿ ಕಳಿಸಿದ್ದೆ. ಕೆಟ್ಟಿದ್ದು ಸೆನ್ಸರ್ ಅಲ್ಲ, ಪೈಪು ಬಿರುಕು ಬಿಟ್ಟಿತ್ತು. ವಾರದೊಳಗೆ ಹೊಗೆ ಒಳಗೆ ತುಂಬಿ ಮೇಷ್ಟರು ಸೀಟಿನಲ್ಲೇ ತೀರಿಕೊಂಡರು. ಕಾರು ಮತ್ತೆ ನಮ್ಮ ಶೆಡ್ಡಿಗೇ ಬಂತು.

ಹಾಡುಹಗಲು. ಎಂಜಿನ್ ತಣ್ಣಗಿತ್ತು. ಅಣ್ಣ ಸೆನ್ಸರಿನ ಅಂಕಿ ತೋರಿಸುವ ಸ್ಕ್ಯಾನರ್ ಜೋಡಿಸಿ, ಕೀಲಿಯನ್ನು ಅರ್ಧ ತಿರುಗಿಸಿ, ಕೆಳಗಿಳಿದು ಬಾಗಿಲು ಹಾಕಿದ. ಎಂಜಿನ್ ನಿಂತಿರುವಾಗ ಸೆನ್ಸರಿನ ಅಂಕಿ ಅಲುಗಬಾರದು. ಅದು ಮೆಲ್ಲಗೆ ಏರಿತು, ಮೆಲ್ಲಗೆ ಇಳಿಯಿತು, ನಿದ್ದೆ ಹೋದವರ ಎದೆಯಂತೆ.

“ವೈರ್ ಲೂಸ್ ಇರ್ಬೇಕು,” ಎಂದು ಸೆನ್ಸರಿನ ವೈರನ್ನೇ ಕಿತ್ತೆ. ಅಂಕಿ ನಿಲ್ಲಲಿಲ್ಲ. ಡ್ರೈವರ್ ಕಡೆಯ ಗಾಜು ಒಳಗಿನಿಂದ ಮಂಜಾಗುತ್ತಿತ್ತು, ತಿಳಿಯಾಗುತ್ತಿತ್ತು, ಮತ್ತೆ ಮಂಜಾಗುತ್ತಿತ್ತು.

“ಪೈಪ್ ನೋಡ್ಲಿಲ್ಲ ಅಣ್ಣ,” ಎಂದೆ.

ಅವನು ಬಾಗಿಲು ತೆಗೆದು ಕೀಲಿ ಕಿತ್ತು ನನ್ನ ಅಂಗೈಗೆ ಹಾಕಿದ. ಆಗಲೂ ಅಂಕಿ ಏರುತ್ತಿತ್ತು, ಇಳಿಯುತ್ತಿತ್ತು. ಇಬ್ಬರೂ ನೋಡಿದೆವು. ಅಣ್ಣ ಕೈ ಒರೆಸಿಕೊಂಡು ಹೊರಗೆ ನಡೆದ. ಆರು ವರ್ಷವಾಯಿತು, ಅವನು ಮತ್ತೆ ಶೆಡ್ಡಿಗೆ ಕಾಲಿಟ್ಟಿಲ್ಲ.